ಟೋಲೆಗೆನ್ ಕೇಳಿದ ಪ್ರಶ್ನೆ

ಪಾಡ್‌ಕಾಸ್ಟಿಗೆ ದಿಂಬಿನ ಜಾಹೀರಾತು ಓದುತ್ತಿದ್ದಾಗಲೇ ಸುದ್ದಿ ಬಂತು. ಕುತ್ತಿಗೆಯ ಆಕಾರಕ್ಕೆ ತಾನೇ ಹೊಂದಿಕೊಳ್ಳುವ ದಿಂಬು. ಅದರ ಮೇಲೆ ತಲೆಯಿಟ್ಟು ಮಲಗಿದರೆ ಮೆದುಳು ಹಗಲಿನ ಕಸವನ್ನೆಲ್ಲ ತೊಳೆದುಕೊಳ್ಳುತ್ತದೆ ಎಂದು ಮಾದಿಯಾರ್ ತನ್ನ ಆ ಹೆಸರಾದ ದನಿಯಲ್ಲಿ, ಕೇಳುವವರ ಕಿವಿಯ ಪಕ್ಕದಲ್ಲೇ ಕೂತವನ ಹಾಗೆ ಹೇಳಬೇಕಿತ್ತು. ಗೋಡೆಗೆಲ್ಲ ಹಳೆಯ ಉಣ್ಣೆಗಂಬಳಿ ಬಡಿದು ಮಾಡಿಕೊಂಡ ಕೋಣೆ. ಅಲ್ಮಾತಿ ನಗರದ ಬೀದಿಯ ಸದ್ದು ಒಂದಿಷ್ಟೂ ಒಳಗೆ ಬರದು. ಗಾಜಿನಾಚೆ ಕೂತು ದನಿ ಹಿಡಿಯುವ ಆಸೆಮ್ ಕೈಯೆತ್ತಿ ನಿಲ್ಲಿಸಿ, ನಡುಗುತ್ತಿದ್ದ ಅವನ ಫೋನನ್ನು ತೋರಿಸಿದಳು. ದೊಡ್ಡಪ್ಪನ ವರಸೆಯ ಮುದುಕ ಸೆಯಿತ್‌ಖಾನ್ ಯಾವತ್ತೂ ಹಗಲಲ್ಲಿ ಫೋನು ಮಾಡುವವನಲ್ಲ. "ಟೋಲೆಗೆನ್ ಹೋಗ್ಬಿಟ್ಟ ಕಣೋ," ಎಂದ. "ಶೆಲೆಕ್ ಹತ್ರ, ಚಹಾದಂಗಡೀಲಿ. ಲಾರಿ ನಿಲ್ಸಿ ಬಂದು ಕೂತಿದ್ನಂತೆ, ಬಟ್ಟಲು ಕೈಲಿದ್ದ ಹಾಗೇ ಒರಗಿದನಂತೆ. ತಲೇಲಿ ರಕ್ತನಾಳ ಒಡೀತು ಅಂತಾರೆ. ಸಂಜೆಗೆ ತರ್ತಾರೆ. ಅಷ್ಟರೊಳಗೆ ಅವನ ತಾಯಿ ಕುಲ್ಯಾಶ್‌ಗೆ ಹೇಳ್ಬೇಕು. ನೀನು ಹೇಳ್ಬೇಕು." ಮಾದಿಯಾರ್ "ನಾನ್ಯಾಕೆ?" ಅಂದ. ಮುದುಕ ರೇಗಿದ. "ಮಾತೇ ಅಲ್ವೇನೋ ನಿನ್ನ ಕಸುಬು? ದೇಶಕ್ಕೆಲ್ಲ ಹೇಳ್ತೀಯ, ನಿನ್ನ ಸೋದರತ್ತೆಗೆ ಹೇಳೋಕಾಗಲ್ವಾ?"

ಫೋನು ಕೆಳಗಿಟ್ಟು ಅವನು ಮೈಕಿನ ಮುಂದೆ ನೆಟ್ಟಗೆ ಕೂತ. ನಾಳೆ ಮಾಡೋಣವೇ ಎಂದು ಆಸೆಮ್ ಕೇಳಿದಳು. ಮುಖ ನೋಡಿ ಏನೋ ಗೊತ್ತಾಗಿರಬೇಕು. ಬೇಡ, ಓದಿಬಿಡ್ತೀನಿ ಎಂದ. ಓದಿದ. ಕುತ್ತಿಗೆ, ದಿಂಬು, ನಿದ್ದೆ, ಹಗಲಿನ ಕಸ. ಎಲ್ಲೂ ತಡವರಿಸಲಿಲ್ಲ, ಎಲ್ಲಿ ಉಸಿರು ಬಿಡಬೇಕೋ ಅಲ್ಲೇ ಬಿಟ್ಟ. ಮುಗಿದಾಗ ಆಸೆಮ್ ಹೆಬ್ಬೆರಳು ಎತ್ತಿ, "ಇಷ್ಟು ದಿನದಲ್ಲಿ ಇದೇ ಚೆನ್ನಾಗಿ ಬಂದಿದ್ದು," ಎಂದಳು. ಅವನಿಗೆ ಸಂತೋಷವಾಯಿತು. ಸಂತೋಷವಾಯಿತಲ್ಲ ಎಂದು ತನ್ನನ್ನೇ ತಾನು ನೋಡಿಕೊಂಡ. ಟೋಲೆಗೆನ್ ಸತ್ತ ಎಂದು ಮನಸ್ಸಿನಲ್ಲೇ ಹೇಳಿ ನೋಡಿದ. ಹಲ್ಲು ಕೀಳಿಸಿಕೊಂಡು ಬಂದವನು ದವಡೆ ಒತ್ತಿ ನೋಡಿಕೊಳ್ಳುವ ಹಾಗೆ ಒತ್ತಿ ನೋಡಿದ. ಎಲ್ಲೋ ಇದೆ, ತನ್ನದೇ, ಆದರೆ ಮರಗಟ್ಟಿದೆ. ಈ ಸ್ಥಿತಿಗೆ ಕಾರಣವಾಗುವ ಮೆದುಳಿನ ಭಾಗದ ಹೆಸರು ಮಾತ್ರ ಕೂಡಲೇ ನೆನಪಾಯಿತು.

ಅತ್ತೆಯ ಊರು ತಲ್ಗಾರ್‌ಗೆ ಹೋಗುವ ದಾರಿಯಲ್ಲಿ ಸೇಬಿನ ಬುಟ್ಟಿಗಳನ್ನು ರಸ್ತೆಯಂಚಿಗೆ ಇಟ್ಟು ಕೂತ ಹೆಂಗಸರು ಕಾರಿನತ್ತ ಕೈ ಬೀಸುತ್ತಿದ್ದರು. ಸೆಯಿತ್‌ಖಾನ್ ಮುಂದಿನ ಸೀಟಿನಲ್ಲಿ ಕೋಲನ್ನು ಮೊಣಕಾಲ ನಡುವೆ ಹಿಡಿದು ಕೂತಿದ್ದ. ಹಿಂದೆ ಮುದುಕನ ಭಾವಮೈದುನ ಒರಾಜ್‌ಬೇಕ್, ಹೊಸ ಕೋಟು ತೊಟ್ಟು, ಒಂದೂ ಮಾತಾಡದೆ. ಹೀಗೆ ಸಾವನ್ನು ಹೇಳಲು ಹೋಗುವುದಕ್ಕೆ ಎಸ್ತಿರ್ತು ಎನ್ನುತ್ತಾರೆ, ಅದಕ್ಕೊಂದು ಕ್ರಮವಿದೆ. ಹೋದವರೇ ಬಾಯಿ ಬಿಟ್ಟು ಸತ್ತ ಅನ್ನಬಾರದು, ಹೆಸರನ್ನೂ ಎತ್ತಬಾರದು. "ಹಕ್ಕಿ ವಿಷಯ ಎತ್ಕೋ," ಎಂದು ಮುದುಕ ಹೇಳಿಕೊಡುತ್ತಿದ್ದ. "ಕೈಮೇಲೆ ಕೂತಿದ್ದ ಡೇಗೆ ಹಾರಿಹೋಯ್ತು, ಕೈ ಬರಿದಾಯ್ತು ಅನ್ನು. ಎಂಥೆಂಥೋರೂ ಹೋದ್ರು, ಬೆಟ್ಟಾನೂ ಸವೆಯುತ್ತೆ ಅನ್ನು. ನಿಧಾನ ಮಾಡು. ಅವಳಿಗೇ ಹೊಳೀಬೇಕು. ಹೊಳೆದ ಮೇಲೆ ನಾವಿದೀವಿ." "ನೀವೇ ಹೇಳಿ ದೊಡ್ಡಪ್ಪ, ನಿಮಗೆ ಚೆನ್ನಾಗಿ ಬರುತ್ತೆ," ಎಂದ ಮಾದಿಯಾರ್. "ನನ್ನ ಹಲ್ಲು ಬಿದ್ದಿವೆ. ನಾನು ಹೇಳಿದ್ರೆ ಅರ್ಧ ಗಾಳಿ, ಅರ್ಧ ಮಾತು," ಎಂದು ಮುದುಕ ಕಿಟಕಿಯ ಕಡೆ ತಿರುಗಿದ. ತೋಳಿನಿಂದ ಕಣ್ಣೊರೆಸಿಕೊಂಡ. ಮಾದಿಯಾರ್ ಗೇರು ಬದಲಾಯಿಸಿದ.

ಟೋಲೆಗೆನ್ ಕೇಳಿದ್ದ ಪ್ರಶ್ನೆ ಅವನ ಜೊತೆಗೇ ಕಾರಿನಲ್ಲಿ ಬರುತ್ತಿತ್ತು. ಕಳೆದ ವಸಂತದ ಹಬ್ಬಕ್ಕೆ ಅವನು ಕೇಳುಗರ ಪ್ರಶ್ನೆಗಳ ಸಂಚಿಕೆ ಮಾಡಿದ್ದ. ಎಲ್ಲರೂ ತಮ್ಮ ದನಿಯಲ್ಲೇ ಕಳಿಸಬೇಕು. ಟೋಲೆಗೆನ್ ಕಳಿಸಿದ್ದು ಲಾರಿಯೊಳಗಿಂದ. ಹಿಂದೆ ಎಂಜಿನ್ನಿನ ಸದ್ದು. ಚಕ್ರ ಬಿಚ್ಚೋಕೆ ಬಗ್ಗಿದ್ರೆ ತಲೆ ಹಿಂದೆ ಪಟ್ ಅಂತ ಏನೋ ಒಡೆದ ಹಾಗಾಗುತ್ತೆ, ಎಡಗಣ್ಣಿಗೆ ಸ್ವಲ್ಪ ಹೊತ್ತು ಕತ್ತಲೆ, ಆಮೇಲೆ ಸರಿ ಹೋಗುತ್ತೆ, ಯಾಕೆ? ಕೇಳಿ ನಕ್ಕಿದ್ದ. ಎಷ್ಟೋ ಪ್ರಶ್ನೆಗಳ ನಡುವೆ ಇದನ್ನೇ ಮೊದಲಿಗೆ ಹಾಕೋಣ, ದನಿ ಬಲು ಚೆನ್ನಾಗಿದೆ ಎಂದವಳು ಆಸೆಮ್. ಹೌದೆಂದವನು ಮಾದಿಯಾರ್. ಕಣ್ಣು ಕಾಣದೆಹೋದ ಜಾಗವನ್ನು ಮೆದುಳು ತಾನೇ ಹೇಗೆ ತುಂಬಿಕೊಳ್ಳುತ್ತದೆ, ಕತ್ತಲೆಯನ್ನೂ ಅದು ಹೇಗೆ ಕಟ್ಟುತ್ತದೆ ಎಂದು ಅವನು ಕೊಟ್ಟ ಉತ್ತರ ಬಹಳ ಜನಕ್ಕೆ ಹಿಡಿಸಿತು. ಒಬ್ಬ ಹೆಂಗಸು ಕೇಳಿ ಅತ್ತುಬಿಟ್ಟೆ ಎಂದು ಬರೆದಿದ್ದಳು. ಆಸ್ಪತ್ರೆಗೆ ಹೋಗು ಎಂಬ ಮಾತು ಅದರಲ್ಲಿ ಇರಲಿಲ್ಲ. ಬೇಕೆಂದು ಬಿಟ್ಟದ್ದಲ್ಲ, ನೆನಪೇ ಆಗಲಿಲ್ಲ. ಆ ಹೊತ್ತಿಗೆ ಕಣ್ಣು, ಕತ್ತಲೆ, ತುಂಬಿಕೊಳ್ಳುವ ಮೆದುಳು ಎಲ್ಲ ಒಂದರ ಹಿಂದೊಂದು ಬಂದು ನಿಂತಿದ್ದವು, ಟೋಲೆಗೆನ್ ಮಾತ್ರ ಎಲ್ಲೂ ಇರಲಿಲ್ಲ. ಸಂಚಿಕೆಯ ಕೊನೆಗೆ ಇದು ವೈದ್ಯರ ಸಲಹೆಯಲ್ಲ ಎಂದು ಆಸೆಮ್‌ಳ ದನಿ ಗಡಿಬಿಡಿಯಲ್ಲಿ ಹೇಳುತ್ತದೆ. ಅದನ್ನು ಒಂದೇ ಸಲ ಓದಿಸಿ ಎಲ್ಲ ಸಂಚಿಕೆಗೂ ಅಂಟಿಸಿದ್ದರು.

ಅವನು ವೈದ್ಯನಲ್ಲ ಎಂಬುದು ತಲ್ಗಾರ್‌ನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲಿಗಳ ಮೆದುಳಿನಲ್ಲಿ ಹೆದರಿಕೆ ಎಲ್ಲಿ ಕೂರುತ್ತದೆ ಎಂದು ಪ್ರಯೋಗಾಲಯದಲ್ಲಿ ವರ್ಷಗಟ್ಟಲೆ ಹುಡುಕಿದವನು. ಅಕ್ಕಿಕಾಳಿನಷ್ಟು ಜಾಗ, ಅದರ ಸುತ್ತ ಅವನ ಯೌವನ. ಆ ಕಾಲದಲ್ಲಿ ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ. ಮಗ ಟೋಲೆಗೆನ್ನೂ ಮಾದಿಯಾರನೂ ಅಪಾ ಎಂದೇ ಕರೆಯುವ ಅತ್ತೆ ಕುಲ್ಯಾಶ್ ಮಾತ್ರ ಕೇರಿಗೆಲ್ಲ ನಮ್ಮ ಹುಡುಗ ತಲೆ ಡಾಕ್ಟರು ಎಂದು ಹೇಳಿಕೊಂಡು ಬಂದಿದ್ದಳು. ಇಲಿ ತಲೆ ಅಪಾ, ಎಂದು ಅವನು ಒಮ್ಮೆ ತಿದ್ದಲು ಹೋದಾಗ, ಇಲಿಗೇ ಅಷ್ಟು ನೋಡೋನು ಮನುಷ್ಯರಿಗೆ ಎಷ್ಟು ನೋಡ್ಬೇಡ, ಎಂದು ನಕ್ಕಿದ್ದಳು. ಆಮೇಲೆ ಅವನು ತಿದ್ದಲಿಲ್ಲ. ಹೇಳಿಸಿಕೊಳ್ಳುವುದಕ್ಕೆ ಹಿತವಾಗಿತ್ತು. ಪ್ರಯೋಗಾಲಯ ಬಿಟ್ಟು ಪಾಡ್‌ಕಾಸ್ಟ್ ಹಿಡಿದಾಗ ಜೊತೆಯವರು ಬೆನ್ನ ಹಿಂದೆ ಆಡಿಕೊಂಡರು. ಟ್ಯಾಕ್ಸಿಯವರು ಕನ್ನಡಿಯಲ್ಲಿ ನೋಡಿ, ಈ ದನಿ ಎಲ್ಲೋ ಕೇಳಿದೀನಲ್ಲ ಎನ್ನತೊಡಗಿದ ಮೇಲೆ ಅದೂ ಮರೆತುಹೋಯಿತು. ಅತ್ತೆಯ ಮನೆಯಲ್ಲಿದ್ದುಕೊಂಡೇ ಅವನು ಶಾಲೆಗೆ ಹೋದದ್ದು. ಒಂದೇ ರಜಾಯಿಯೊಳಗೆ ಟೋಲೆಗೆನ್ ಮತ್ತು ಅವನು. ನೆಂಟರು ಬಂದು ಕುರಿಯ ತಲೆ ಬೇಯಿಸಿದ ದಿನ ಅಪಾ ಒಂದೊಂದು ಕಿವಿ ಕೊಯ್ದು ಇಬ್ಬರ ಕೈಗೂ ಕೊಡುತ್ತಿದ್ದಳು: ತಿನ್ರೋ, ಹೇಳಿದ್ದನ್ನ ಕೇಳಿಸ್ಕೊಳ್ಳೋದು ಕಲೀರಿ. ಟೋಲೆಗೆನ್ ತನ್ನ ಪಾಲಿನದನ್ನೂ ಮೇಜಿನ ಕೆಳಗಿಂದ ಅವನಿಗೆ ದಾಟಿಸುತ್ತಿದ್ದ. ಗರಿಗರಿ ಮೆಲ್ಲೆಲುಬು ಹಲ್ಲಿಗೆ ಸಿಕ್ಕುವುದು ಈಗಲೂ ನೆನಪಿದೆ.

ಬಾಗಿಲು ತೆರೆದ ಕುಲ್ಯಾಶ್ ಅಪಾ ಮೊದಲು ಅವನನ್ನು ನೋಡಿದಳು, ಆಮೇಲೆ ಕೋಲು ಹಿಡಿದ ಸೆಯಿತ್‌ಖಾನನನ್ನು, ಆಮೇಲೆ ಒರಾಜ್‌ಬೇಕನ ಹೊಸ ಕೋಟನ್ನು. ಅವಳ ಮುಖ ಅರಳಿತು. ಹೆಂಡತಿ ಬಿಟ್ಟುಹೋದ ಮೇಲೆ ಮಾದಿಯಾರನಿಗೆ ಇನ್ನೊಂದು ಹೆಣ್ಣು ತರಬೇಕೆಂದು ಅವಳು ಬೆನ್ನು ಹತ್ತಿದ್ದಳು. ಇಬ್ಬರು ಹಿರಿಯರನ್ನು ಕರೆದುಕೊಂಡು, ಬೆಳಗಿನ ಹೊತ್ತಲ್ಲದಿದ್ದರೂ ಒಳ್ಳೆ ಬಟ್ಟೆ ಹಾಕಿಕೊಂಡು ಗಂಡಸರು ಬಾಗಿಲಿಗೆ ಬಂದರೆ ಇನ್ನೇನು? "ಅಂತೂ ಬುದ್ಧಿ ಬಂತಲ್ಲೋ!" ಎಂದು ಅವನ ಕೆನ್ನೆ ಹಿಂಡಿದಳು. "ಹೆಣ್ಣು ಕೇಳೋಕೆ ಹೊರಟಿದೀರಿ, ನನಗೊಂದು ಮಾತು ಮೊದಲೇ ತಿಳಿಸೋದಲ್ವಾ? ಒಳಗ್ಬನ್ನಿ, ಒಳಗ್ಬನ್ನಿ. ಬರಿಹೊಟ್ಟೇಲಿ ಶುಭಕಾರ್ಯಕ್ಕೆ ಹೋಗ್ತಾರಾ?" ಪಕ್ಕದ ಮನೆಯ ರೈಗುಲ್ ಬೇಲಿಯಾಚೆ ನಿಂತು ನೋಡುತ್ತಿದ್ದಳು. ಸುದ್ದಿ ಗೊತ್ತಾದ ಕೂಡಲೇ ತನ್ನ ಫೋನು ಕೆಟ್ಟಿದೆ ಎಂದು ನೆಪ ಹೇಳಿ ಅಪಾಳ ಫೋನನ್ನು ಇಸಿದುಕೊಂಡು ಹೋಗಿದ್ದವಳು ಅವಳೇ. ಅಲ್ಲ ಅಪಾ ಎಂದು ಮಾದಿಯಾರ್ ಹೇಳಬೇಕಿದ್ದ ಕ್ಷಣ ಹೊಸ್ತಿಲಲ್ಲೇ ಇತ್ತು. ಅವನು ಬಗ್ಗಿ ಬೂಟಿನ ದಾರ ಬಿಚ್ಚಿದ.

ಗಿಡ್ಡ ಮೇಜಿನ ಮೇಲೆ ಬಟ್ಟೆ ಹಾಸಿದಳು. ಕರಿದ ಹಿಟ್ಟಿನುಂಡೆ ಬಾವುರ್ಸಾಕ್, ಬೆಣ್ಣೆ, ಒಣದ್ರಾಕ್ಷಿ, ಹಾಲು ಹಾಕಿದ ಚಹಾ. ಮನೆಗೆ ಬಂದವರು ರೊಟ್ಟಿ ಮುರಿಯದೆ ಬಾಯಿ ತೆರೆಯುವ ಹಾಗಿಲ್ಲ, ಅಂದಮೇಲೆ ಎಲ್ಲರೂ ಮುರಿದರು. ಯಾರ ಮನೆ ಹುಡುಗಿ, ಎಷ್ಟು ಓದಿದಾಳೆ, ಮೊದಲಿನವಳ ಹಾಗೆ ತೆಳ್ಳಗೆ ಗಾಳಿಗೆ ಹಾರೋ ಥರ ಇಲ್ಲ ತಾನೇ, ಎಂದು ಒಂದೇ ಸಮನೆ ಕೇಳುತ್ತ ಒಳಗೆ ಹೋಗಿ, ಕರುಳಿಗೆ ತುಂಬಿದ ಕುದುರೆಮಾಂಸದ ದಪ್ಪ ಕಜಿಯನ್ನು ತಂದು ತೆಳುವಾಗಿ ಹೆಚ್ಚತೊಡಗಿದಳು. "ಟೋಲೆಗೆನ್ ಶುಕ್ರವಾರ ಬರ್ತೀನಿ ಅಂದಿದ್ದ. ಅವನಿಗೆ ಅಂತ ಎತ್ತಿಟ್ಟಿದ್ದೆ. ಇರ್ಲಿ ಬಿಡಿ, ತಮ್ಮನ ಮದುವೆ ಮಾತು ಅಂದ್ರೆ ಅವನೇ ಖುಷಿಯಾಗಿ ಕೊಡ್ತಿದ್ದ." ಸೆಯಿತ್‌ಖಾನ್ ಮೇಜಿನ ಕೆಳಗೆ ಮಾದಿಯಾರನ ಮೊಣಕಾಲನ್ನು ಕೋಲಿನ ತುದಿಯಿಂದ ಚುಚ್ಚಿದ. ಮಾದಿಯಾರ್ ಕಜಿಯ ತುಂಡು ಬಾಯಿಗಿಟ್ಟ. ಉಪ್ಪು, ಬೆಳ್ಳುಳ್ಳಿ, ಕೊಬ್ಬು ಎಲ್ಲ ಹದವಾಗಿತ್ತು. ನಾಲಿಗೆ ಎಂದಿನ ಹಾಗೆ ಕೆಲಸ ಮಾಡುತ್ತಿತ್ತು. ಇನ್ನೊಂದು ತುಂಡಿಗೆ ಕೈ ಹೋಯಿತು. ಒರಾಜ್‌ಬೇಕ್ ಆ ಕೈಯನ್ನೇ ನೋಡುತ್ತಿದ್ದುದು ಕಂಡು, ಹಿಂದಕ್ಕೆ ಎಳೆದುಕೊಳ್ಳುವುದೋ ಮುಂದಕ್ಕೆ ಹೋಗುವುದೋ ತಿಳಿಯದೆ, ಕೈ ತಟ್ಟೆಯ ಮೇಲೆ ಸ್ವಲ್ಪ ಹೊತ್ತು ನಿಂತು ಆಮೇಲೆ ತುಂಡನ್ನು ತೆಗೆದುಕೊಂಡೇ ಬಂತು. ನಾಚಿಕೆಯಾಗಬೇಕಿತ್ತು. ನಾಚಿಕೆಯೂ ದೂರದಲ್ಲಿ, ಬೇರೆ ಯಾರಿಗೋ ಆಗುತ್ತಿರುವ ಹಾಗಿತ್ತು.

"ಇವನ ಮಾತು ಕೇಳಿದೀರಾ ನೀವು?" ಅಪಾ ಒರಾಜ್‌ಬೇಕನನ್ನು ಕೇಳಿದಳು. "ಕೇಳಿಲ್ವಾ! ಅಯ್ಯೋ ದೇವರೇ, ಇಡೀ ದೇಶ ಕೇಳುತ್ತೆ. ನನ್ನ ಮಗ ಪ್ರಶ್ನೆ ಕೇಳ್ತಾನೆ, ನನ್ನ ತಮ್ಮನ ಮಗ ಉತ್ತರ ಹೇಳ್ತಾನೆ. ರೈಗುಲ್ ಮಗಳ ಮದುವೇಲಿ ಹಾಡು ನಿಲ್ಸಿ ಅದನ್ನೇ ಹಾಕ್ಸಿದೆ ನಾನು." ಚಹಾ ಬಗ್ಗಿಸುತ್ತ ಅವಳ ದನಿ ಸ್ವಲ್ಪ ತಗ್ಗಿತು. "ಆಮೇಲೂ ಬರ್ತಿತ್ತು ಕಣೋ ಮಾದಿಯಾರ್, ಆ ತಲೆನೋವು. ಆಸ್ಪತ್ರೆಗೆ ಹೋಗಿ ತೋರ್ಸು ಅಂತ ಬಡ್ಕೊಂಡೆ. ಮಾದಿಯಾರ್ ಹೇಳಿದಾನಲ್ಲ ಅಪಾ, ಅದು ಮೆದುಳು ಆಡೋ ಆಟ ಅಂತ, ಅವನಿಗಿಂತ ಈ ಊರ ಡಾಕ್ಟರಿಗೆ ಹೆಚ್ಚು ಗೊತ್ತಾ, ಅಂದ. ನೀನೇ ಇನ್ನೊಂದ್ಸಲ ನೋಡು ಅವನ್ನ. ಶುಕ್ರವಾರ ಬರ್ತಾನೆ, ನೀನೂ ಬಾ." ಕೋಲು ಮತ್ತೆ ಚುಚ್ಚಿತು. ಅವಳು ಇನ್ನೂ ಹೇಳುತ್ತಾಳೆ ಎಂದು ಮಾದಿಯಾರನಿಗೆ ಹೆದರಿಕೆಯಾಯಿತು. ಬೆಳಗಿನಿಂದ ಅವನಿಗೆ ನಿಜವಾಗಿ ಆದದ್ದು ಅದೊಂದೇ. ಅವಳ ಬಾಯಿ ಮುಚ್ಚಿಸುವುದಕ್ಕೇ ಅವನು ಬಾಯಿ ತೆರೆದ.

"ಅಪಾ, ಕೈಮೇಲೆ ಕೂತಿದ್ದ ಡೇಗೆ..." ಎಂದ. ಮುಂದಿನದು ಬರಲಿಲ್ಲ. ಹಕ್ಕಿ ಎಲ್ಲಿಗೆ ಹೋಯಿತು, ಕೈ ಬರಿದಾಗುವುದು ಮೊದಲೋ ಬೆಟ್ಟ ಸವೆಯುವುದು ಮೊದಲೋ, ಮುದುಕ ಹೇಳಿಕೊಟ್ಟದ್ದೆಲ್ಲ ಅಳಿಸಿಹೋಗಿತ್ತು. ಬಾಯಿ ಸುಮ್ಮನಿರಲಿಲ್ಲ, ತನಗೆ ಗೊತ್ತಿದ್ದ ದಾರಿ ಹಿಡಿಯಿತು. "ನಾವು ಪ್ರೀತಿಸುವವರು ನಮ್ಮ ಮೆದುಳಿನಲ್ಲಿ ಒಂದು ಜಾಗ ಮಾಡಿಕೊಂಡಿರುತ್ತಾರೆ, ಅಪಾ. ಅವರು ಎಷ್ಟು ಹೊತ್ತಿಗೆ ಬರುತ್ತಾರೆ, ಬಾಗಿಲು ಹೇಗೆ ತಟ್ಟುತ್ತಾರೆ ಎಂಬುದನ್ನೆಲ್ಲ ಮೆದುಳು ಮೊದಲೇ ಬರೆದಿಟ್ಟುಕೊಂಡಿರುತ್ತದೆ. ಅವರು ಬಾರದೆ ಹೋದರೂ ಅದು ಕಾಯುವುದನ್ನು ಬಿಡುವುದಿಲ್ಲ..." ದನಿ ತುಂಬಿ ಬಂತು, ತಗ್ಗಬೇಕಾದಲ್ಲಿ ತಗ್ಗಿತು. ಬಿಡುವು ಎಲ್ಲಿ ಬೇಕೋ ಅಲ್ಲಿ ಬಿತ್ತು. ಅಪಾ ಟೀಪಾಟನ್ನು ಎದೆಗಾನಿಸಿಕೊಂಡು, ನೋಡಿದ್ರಾ ಎಂಬಂತೆ ಹಿರಿಯರ ಕಡೆ ಕಣ್ಣು ಹಾಯಿಸಿದಳು. ಹಿರಿಯರು ತಲೆ ಬಗ್ಗಿಸಿಕೊಂಡಿದ್ದರು. ಅವಳು ಒಬ್ಬರಿಂದ ಇನ್ನೊಬ್ಬರಿಗೆ ನೋಡಿದಳು, ಒರಾಜ್‌ಬೇಕನ ಕೋಟನ್ನು ನೋಡಿದಳು, ಕಿಟಕಿಯಾಚೆ ರೈಗುಲ್ ಮನೆ ಮುಂದೆ ಕೂಡಿದ್ದ ಹೆಂಗಸರನ್ನು ನೋಡಿದಳು. ಮಾದಿಯಾರ್ ಇನ್ನೂ ಮಾತಾಡುತ್ತಲೇ ಇದ್ದ. ನಿಲ್ಲಿಸಿದರೆ ಏನಾಗುತ್ತದೆ ಎಂದು ಗೊತ್ತಿದ್ದುದರಿಂದ ನಿಲ್ಲಿಸಲಾರದೆ ಹೋಗಿದ್ದ.

"ಸಾಕು ಮಗಾ," ಎಂದಳು. ಟೀಪಾಟನ್ನು ಬಟ್ಟೆಯ ಮೇಲೆ ನಿಧಾನವಾಗಿ, ಚೆಲ್ಲದ ಹಾಗೆ ಇಟ್ಟಳು. "ಯಾರು ಅಂತ ಕೇಳೋ ಹಾಗೂ ಇಲ್ಲ. ನನಗಿರೋನು ಒಬ್ನೇ."

ಆಮೇಲೆ ಮನೆ ತಾನಾಗಿ ನಡೆಯಿತು. ಹೆಂಗಸರು ಬೇಲಿ ಸುತ್ತಿ ಬಂದರು, ಅಪಾಳ ತಲೆಯ ಬಟ್ಟೆ ಜಾರಿತು, ಅವಳು ಗೋಡೆಗೆ ಮುಖ ಮಾಡಿ ಕೂತು ಮಗನ ಹೆಸರು ಹಿಡಿದು ಹಾಡುವ ಹಾಗೆ ಅಳತೊಡಗಿದಳು. ಗಂಡಸರು ಅಂಗಳದಲ್ಲಿ ಸಾಲಾಗಿ ನಿಂತರು. ಸುದ್ದಿ ಕೇಳಿ ಬರುವವರು ದೂರದಿಂದಲೇ "ಓ ನನ್ನ ತಮ್ಮಾ, ಓ ನನ್ನ ಒಡಹುಟ್ಟಿದವನೇ" ಎಂದು ಗಟ್ಟಿಯಾಗಿ ಕೂಗಿಕೊಂಡು ಬಂದು ಒಬ್ಬೊಬ್ಬರನ್ನೇ ತಬ್ಬಿಕೊಳ್ಳುವುದು, ನಿಂತವರು ಅದೇ ಕೂಗಿಗೆ ಕೂಗು ಕೊಡುವುದು. ಸೆಯಿತ್‌ಖಾನ್ ಹಲ್ಲಿಲ್ಲದ ಬಾಯಲ್ಲಿ, ಕೋಲಿನ ಮೇಲೆ ಜೋತು ಬಿದ್ದು ಅತ್ತ. ಒಂದು ಮಾತೂ ಆಡದ ಒರಾಜ್‌ಬೇಕ್ ಕೂಡ ಎತ್ತಿನ ಹಾಗೆ ಅತ್ತ. ಮಾದಿಯಾರ್ ಬಾಯಿ ತೆರೆದ, ಗಂಟಲಿನಿಂದ ಕೆಮ್ಮಿನಂಥದು ಹೊರಟಿತು. ತಬ್ಬಿಕೊಂಡವರ ಒದ್ದೆ ಕೆನ್ನೆ ಅವನ ಒಣ ಕೆನ್ನೆಗೆ ತಾಗಿ ಹೋಗುತ್ತಿತ್ತು. "ಅಳೋ," ಎಂದು ಮುದುಕ ಅವನ ತೋಳು ಚಿವುಟಿದ. "ಜನ ನೋಡ್ತಿದಾರೆ. ಅಳೋ, ಪಾಪಿ." ಯಾರೋ ಇಬ್ಬರು, ಇವನೇ ಅಲ್ವಾ ಆ ಮಾತಾಡೋನು, ಎಂದು ಮೆಲ್ಲಗೆ ಅಂದುಕೊಂಡದ್ದು ಕೇಳಿಸಿತು.

ಒಳಗಿನಿಂದ ರೈಗುಲ್ ಬಂದು ಕರೆದಳು. ಅಪಾ ಗೋಡೆಯಿಂದ ಈ ಕಡೆ ತಿರುಗಿದ್ದಳು. ಕಣ್ಣು ಬತ್ತಿದಂತಿತ್ತು, ದನಿ ಒಡೆದಿತ್ತು. "ನನ್ನ ಫೋನು ಎಲ್ಲಿ ಇಟ್ರೋ ಏನೋ. ನಿನ್ನದ್ರಲ್ಲಿ ಇದ್ಯಲ್ಲ, ಹಾಕು," ಎಂದಳು. ಅವನಿಗೆ ಅರ್ಥವಾಗಲಿಲ್ಲವೆಂದುಕೊಂಡು, "ಅವನ ದನಿ," ಎಂದಳು. ಹೆಂಗಸರು ಸುಮ್ಮನಾಗಿ ಜಾಗ ಬಿಟ್ಟರು. ಸೆಯಿತ್‌ಖಾನ್ ಬಾಗಿಲಿಗೆ ಬಂದು ನಿಂತ. ಮೇಜಿನ ಮೇಲೆ ಕಜಿಯ ತಟ್ಟೆಯನ್ನು ಯಾರೂ ತೆಗೆದಿರಲಿಲ್ಲ. ಮಾದಿಯಾರ್ ಸಂಚಿಕೆಯನ್ನು ಹುಡುಕಿ ತೆಗೆದು, ಫೋನನ್ನು ಅವಳ ಅಂಗೈಯಲ್ಲಿಟ್ಟ. ಎಂಜಿನ್ನಿನ ಸದ್ದು ಬಂತು, ಅದರ ಮೇಲೆ ಟೋಲೆಗೆನ್. "ಏ ಮಾದಿಯಾರ್, ನಾನು ಕಣೋ, ತಲ್ಗಾರ್‌ನೋನು. ಚಕ್ರ ಬಿಚ್ಚೋಕೆ ಬಗ್ಗಿದ್ರೆ ತಲೆ ಹಿಂದೆ ಪಟ್ ಅಂತ ಏನೋ ಒಡೆದ ಹಾಗಾಗುತ್ತೆ. ಎಡಗಣ್ಣಿಗೆ ಸ್ವಲ್ಪ ಹೊತ್ತು ಕತ್ತಲೆ. ಆಮೇಲೆ ಸರಿ ಹೋಗುತ್ತೆ. ಯಾಕೋ ಹಾಗೆ? ನನ್ನ ತಲೇಲಿ ಮೆದುಳೇ ಇಲ್ಲ ಅಂತಾಳೆ ಅಪಾ, ಸ್ವಲ್ಪ ನೋಡಿ ಹೇಳು." ನಗು. ನಗು ಮುಗಿಯುತ್ತಿದ್ದ ಹಾಗೆ ಅಪಾಳ ಹೆಬ್ಬೆರಳು ಫೋನಿನ ಪರದೆಯ ಮೇಲೆ ಓಡುವ ಗೆರೆಯನ್ನು ಹಿಂದಕ್ಕೆ ಎಳೆಯಿತು. ಮತ್ತೆ ಎಂಜಿನ್ನು, ಮತ್ತೆ ಏ ಮಾದಿಯಾರ್. ಉತ್ತರ ಅವಳಿಗೆ ಬೇಕಿರಲಿಲ್ಲ, ಅದರಲ್ಲಿ ಮಗನಿರಲಿಲ್ಲ. ಉತ್ತರ ಶುರುವಾಗುವ ಮೊದಲೇ ಅವಳ ಬೆರಳು ಅದನ್ನು ತಡೆದುಬಿಡುತ್ತಿತ್ತು. ತಾನು ಪಾರಾದೆ ಎಂದು ಮಾದಿಯಾರನಿಗೆ ಮೊದಲು ಅನ್ನಿಸಿತು.

ಆದರೆ ಪ್ರಶ್ನೆ ಬರುತ್ತಲೇ ಇತ್ತು. ಪಟ್ ಅಂತ ಏನೋ ಒಡೆದ ಹಾಗಾಗುತ್ತೆ. ಅದರ ನಂತರ ಒಂದು ಚೂರು ಖಾಲಿ, ಆಮೇಲೆ ಮತ್ತೆ ಎಂಜಿನ್ನು. ಆ ಖಾಲಿಯಲ್ಲಿ ಹೆಂಗಸರೆಲ್ಲ ಉಸಿರು ಹಿಡಿದಿರುತ್ತಿದ್ದರು. ಸ್ವಲ್ಪ ಹೊತ್ತು ಕತ್ತಲೆ. ಮೊದಲ ಸಲ ಕೇಳಿದಾಗ ಅವನು ಹೆಡ್‌ಫೋನ್ ಹಾಕಿಕೊಂಡು, ದನಿ ಎಷ್ಟು ಚೆನ್ನಾಗಿ ಬಂದಿದೆ, ಎಂಜಿನ್ನಿನ ಸದ್ದು ಉಳಿಸಿಕೊಳ್ಳೋಣ, ಎಂದುಕೊಂಡಿದ್ದ. ಈಗ ಅದರೊಳಗೆ ಒಬ್ಬ ಮನುಷ್ಯ ಬಗ್ಗಿದ್ದ, ಜಾಕಿನ ಪಕ್ಕದಲ್ಲಿ, ಒಂದು ಕೈ ರಸ್ತೆಯ ಮೇಲೆ ಊರಿ, ಒಂದು ಕಣ್ಣು ಕಾಣದೆ. ತಲೆ ಡಾಕ್ಟರು ಎಂದು ತಾಯಿ ಹೇಳಿದ್ದನ್ನು ನಂಬಿಕೊಂಡು, ಅವನೊಬ್ಬನನ್ನೇ ಕೇಳುತ್ತಿದ್ದ. ಯಾಕೋ ಹಾಗೆ? ಸ್ವಲ್ಪ ನೋಡಿ ಹೇಳು. ಬೆರಳು ಹಿಂದಕ್ಕೆ ಎಳೆಯಿತು. ಯಾಕೋ ಹಾಗೆ?

"ಇವತ್ತೇ ಆಸ್ಪತ್ರೆಗೆ ಹೋಗೋ," ಎಂದ ಮಾದಿಯಾರ್.

ಅದು ಯಾರೂ ಗುರುತಿಸುವ ದನಿಯಾಗಿರಲಿಲ್ಲ. ಒರಟಾಗಿ, ಮಧ್ಯೆ ಒಡೆದು, ಒಂದೇ ರಜಾಯಿಯೊಳಗೆ ಜಗಳ ಆಡುತ್ತಿದ್ದ ಕಾಲದ ದನಿ. "ಲಾರಿ ಅಲ್ಲೇ ಬಿಡು. ಈಗ್ಲೇ ಹೋಗು. ನಾನು ಡಾಕ್ಟರಲ್ಲ ಕಣೋ, ನಾನು ಡಾಕ್ಟರಲ್ಲ, ನನ್ನ ಮಾತು ಕೇಳ್ಬೇಡ, ಹೋಗು."

ಕುಲ್ಯಾಶ್ ಅಪಾ ತಲೆಯೆತ್ತಿ ಅವನನ್ನು ನೋಡಿದಳು. ಬಹಳ ಹೊತ್ತು ನೋಡಿದಳು, ಸಣ್ಣಂದಿನಲ್ಲಿ ಸುಳ್ಳು ಹೇಳಿದಾಗ ನೋಡುತ್ತಿದ್ದ ಹಾಗೆ ಅಲ್ಲ, ಯಾರೋ ಗುರುತಿಲ್ಲದವನು ಮನೆಯೊಳಗೆ ಬಂದು ಕೂತಿರುವ ಹಾಗೆ. ಅವಳ ಕೈಯಲ್ಲಿ ಫೋನು ಓಡುತ್ತಿತ್ತು. ಮೆದುಳೇ ಇಲ್ಲ ಅಂತಾಳೆ ಅಪಾ. ಸ್ವಲ್ಪ ನೋಡಿ ಹೇಳು. ನಗು. ನಗು ಮುಗಿಯಿತು. ಹೆಬ್ಬೆರಳು ಗೆರೆಯ ಮೇಲೆ ಬಂದು ನಿಂತಿತು, ಆಮೇಲೆ ಎದ್ದಿತು. ಅವಳು ಫೋನನ್ನು ಮೇಜಿನ ಮೇಲೆ, ಕಜಿಯ ತಟ್ಟೆಯ ಪಕ್ಕ, ಎಲ್ಲರಿಗೂ ಕೇಳುವ ಹಾಗೆ ಇಟ್ಟಳು. ಒಂದು ಚೂರು ಖಾಲಿ ಕಳೆದು, ತುಂಬಿದ, ಬೆಚ್ಚನೆಯ, ಕಿವಿಯ ಪಕ್ಕದಲ್ಲೇ ಕೂತು ಹೇಳುವಂಥ ದನಿಯೊಂದು ಕೋಣೆಯ ತುಂಬ ಹರಡಿತು: "ಎಂಥ ಸುಂದರವಾದ ಪ್ರಶ್ನೆ, ಟೋಲೆಗೆನ್! ಬನ್ನಿ, ಕತ್ತಲೆ ಎಂದರೇನು ಎಂಬುದರಿಂದಲೇ ಶುರು ಮಾಡೋಣ." ಅದು ಬಹಳ ಹೊತ್ತು ಮಾತಾಡಿತು. ಯಾರೂ ನಿಲ್ಲಿಸಲಿಲ್ಲ.